ಎದೆಹಾಲು ತೂಗಿದ ಸಂಜೆ

ನನ್ನ ಮಗಳು ಹುಟ್ಟಿದ ಹೊಸದರಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಹಾಲು ಕುಡಿಯುವುದು. ಕುಡಿದು ಬಿಟ್ಟಳು ಎಂದು ನನ್ನ ಹೆಂಡತಿ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಬಾಯಿ ತೆರೆಯುತ್ತಿದ್ದಳು. ತೊಟ್ಟಿಲಿಗೆ ಹಾಕಿದರೆ ಅಳು. ಹೆಗಲಿಗೆ ಹಾಕಿಕೊಂಡು ತಿರುಗಿದರೆ ಅಳು. ಬೆನ್ನು ಸವರಿ, ಕುಂಚಿಗೆ ಕಟ್ಟಿ, ಬೆಚ್ಚಗೆ ಸುತ್ತಿ ಮಲಗಿಸಿದರೆ ಇನ್ನೂ ಜೋರು ಅಳು. ಎದೆಗೆ ಹಚ್ಚಿಕೊಂಡ ಕೂಡಲೇ ಮನೆಯೆಲ್ಲ ತಣ್ಣಗೆ. ಆಗ ಅವಳನ್ನು ನೋಡಬೇಕು. ಗದ್ದ ಮೇಲೆ ಕೆಳಗೆ, ಕೆನ್ನೆ ಒಳಗೆ ಹೊರಗೆ, ಕಿವಿಯ ತುದಿ ಕೂಡ ಅಲ್ಲಾಡುತ್ತಿತ್ತು. ಮೂಗಿನ ಮೇಲೆ ಸಾಸಿವೆ ಕಾಳಿನಂಥ ಬೆವರು. ಪುಟ್ಟ ಮುಷ್ಟಿ ತಾಯಿಯ ರವಿಕೆಯನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ಯಾರೋ ಕಸಿದುಕೊಳ್ಳಲು ಬಂದಿದ್ದಾರೆ ಎನ್ನುವ ಹಾಗೆ. ನಾನು ಬ್ಯಾಡಗಿ ಪೇಟೆಯಲ್ಲಿ ಬೆಳೆದವನು, ದುಡಿಯುವ ಜನರನ್ನು ದಿನವೂ ನೋಡುತ್ತೇನೆ. ಅಷ್ಟು ಮನಸ್ಸಿಟ್ಟು ದುಡಿಯುವ ಜೀವವನ್ನು ನಾನು ಬೇರೆ ಕಂಡಿಲ್ಲ. ನನ್ನದೇ ರಕ್ತ ಎಂದು ಎದೆಯುಬ್ಬುತ್ತಿತ್ತು.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೊದಲು ಮೆಣಸಿನಕಾಯಿ ಚೀಲ ಹೊತ್ತೆ, ಆಮೇಲೆ ಚೀಲ ಹೊಲಿದೆ. ಈಗ ದಲಾಲಿ ಅಂಗಡಿಯೊಂದರಲ್ಲಿ ತೂಕದ ಕಾಟಾ ನೋಡುತ್ತೇನೆ. ಒಂದು ಕಡೆ ಮಾಲು ತಂದ ರೈತ, ಇನ್ನೊಂದು ಕಡೆ ಕೊಳ್ಳುವ ಸಾಹುಕಾರ, ನಡುವೆ ನಾನು. ನಾನು ಕೂಗಿದ ಅಂಕಿಯನ್ನು ಇಬ್ಬರೂ ಒಪ್ಪುತ್ತಾರೆ. ಒಬ್ಬ ರೈತ ತನ್ನ ಹೊಲದಲ್ಲಿ ಹೊಳೆಯ ಮಣ್ಣಿದೆ, ಕಾಯಿ ತೂಕ ಬರುತ್ತದೆ ಎನ್ನುತ್ತಾನೆ, ಸಾಹುಕಾರ ಕಾಯಿ ಹಸಿಯಿದೆ ಎನ್ನುತ್ತಾನೆ, ನಾನು ಅಂಕಿ ಹೇಳಿದ ಮೇಲೆ ಮಾತು ಮುಗಿಯುತ್ತದೆ. ಓದಿಲ್ಲ ಎಂದು ನನ್ನನ್ನು ಯಾರೂ ಹಗುರಾಗಿ ನೋಡಿದ್ದಿಲ್ಲ, ನೋಡಲು ನಾನು ಬಿಟ್ಟಿದ್ದೂ ಇಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಹೆಂಡತಿಯ ತವರು ರಾಣೆಬೆನ್ನೂರು. ಕೊನೆಯ ವಾರದಲ್ಲಿ ಅವಳ ಬಿಪಿ ಏರಿತೆಂದು ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅಲ್ಲಿ ಸುಸೂತ್ರವಾಗಿ ಹೆಣ್ಣುಮಗು ಹುಟ್ಟಿ, ತಾಯಿ ಮಗಳು ರಾಣೆಬೆನ್ನೂರಿಗೆ ವಾಪಸು ಬಂದರು. ನನಗೋ ಬ್ಯಾಡಗಿಯಲ್ಲಿ ಸುಗ್ಗಿ. ಮೆಣಸಿನಕಾಯಿಯ ಗಾಡಿಗಳು ರಸ್ತೆಯುದ್ದಕ್ಕೂ ನಿಂತ ಕಾಲ. ಆದರೂ ಕೆಲಸ ಮುಗಿದ ಕೂಡಲೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸಾಬೂನು ಹಾಕಿ ತೊಳೆದು, ಅಂಗಿ ಬದಲಿಸಿ ಬಸ್ ಹತ್ತುತ್ತಿದ್ದೆ. ಎಲ್ಲ ಜಾತಿಯ ಮೆಣಸಿನಕಾಯಿ ಮುಟ್ಟಿದ ಕೈಯ ಉರಿ ಬರೀ ನೀರಿಗೆ ಹೋಗುವುದಿಲ್ಲ. ಎಣ್ಣೆ ಬೇಕು. ಆ ಕೈಯಲ್ಲಿ ಕೂಸನ್ನು ಮುಟ್ಟಿದರೆ ಆಮೇಲೆ ಹೇಳುವುದೇ ಬೇಡ.

ಅತ್ತೆಯ ಮನೆಯಲ್ಲಿ ಅತ್ತೆ, ಅವರ ಅಕ್ಕ, ನನ್ನ ಹೆಂಡತಿ ಮತ್ತು ಕೂಸು, ಇಷ್ಟೇ ಜನ. ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಅತ್ತೆಯ ಅಕ್ಕನನ್ನು ಹೆಂಡತಿಯ ಹಾಗೆ ನಾನೂ ದೊಡ್ಡವ್ವ ಎನ್ನುತ್ತೇನೆ. ಬಾಣಂತನ ಮಾಡುವುದರಲ್ಲಿ ಓಣಿಗೇ ಹೆಸರಾದವಳು. ಬಿಸಿನೀರು ಎರೆಯುವುದು, ಲೋಬಾನದ ಹೊಗೆ ಹಾಕುವುದು, ಅಂಟಿನುಂಡಿ ಕಟ್ಟುವುದು, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಖಾರವಿಲ್ಲದ ಸಾರು, ಎಲ್ಲವೂ ಅವಳದೇ ಹುಕುಂ. ನೀರನ್ನು ಮಾತ್ರ ಔಷಧಿಯ ಹಾಗೆ ಗುಟುಕು ಗುಟುಕಾಗಿ ಕೊಡುತ್ತಿದ್ದಳು. ಬಾಣಂತಿ ನೀರು ಹೆಚ್ಚು ಕುಡಿದರೆ ಕೂಸಿಗೆ ಥಂಡಿಯಾಗುತ್ತದೆ ಎನ್ನುವುದು ಅವಳ ನಂಬಿಕೆ.

ಅಳಿಯನಾದವನು ಬಾಣಂತಿಯ ಕೋಣೆಯಲ್ಲಿ ಬಂದು ಕೂರುವುದು ಅಲ್ಲಿ ಯಾರಿಗೂ ರೂಢಿಯಿಲ್ಲ. ಹೊಸ್ತಿಲಲ್ಲಿ ನಿಂತು ಕೂಸಿನ ಮುಖ ನೋಡಿ, ಚಹಾ ಕುಡಿದು ಹೋಗಬೇಕು. ನಾನು ಹೋಗಿ ಕೂತೇಬಿಡುತ್ತಿದ್ದೆ. ದೊಡ್ಡವ್ವ ಮೊದಲ ವಾರ ಸುಮ್ಮನಿದ್ದಳು. ಎರಡನೇ ವಾರ ಕೇಳಿದಳು:

“ಏನ್ರಿ ಅಳಿಯಾರ, ಬ್ಯಾಡಗ್ಯಾಗ ಮೆಣಸಿನಕಾಯಿ ತೀರಿದವೇನು? ದಿನಾ ಬರಾಕತ್ತೀರಿ?”

“ಮೆಣಸಿನಕಾಯಿ ವರ್ಷಾ ಬರ್ತಾವ ದೊಡ್ಡವ್ವ. ಈ ಮಾಲು ಹೊಸಾದು,” ಎಂದೆ. ಅವಳು ನಕ್ಕಳು. ಅವತ್ತಿನಿಂದ ನನಗೆ ಆ ಕೋಣೆಯಲ್ಲಿ ಒಂದು ಮಣೆ ಸಿಕ್ಕಿತು.

ಮೂರನೇ ವಾರ ಬಂದ ಹಾಗೆ ನಗು ಕಡಿಮೆಯಾಯಿತು. ಕೂಸು ಕುಡಿಯುವುದು ಇನ್ನೂ ಹೆಚ್ಚಿತ್ತು. ಸಂಜೆಯಾದರಂತೂ ಬಿಡುವೇ ಇಲ್ಲ. ಒಂದು ಬದಿ ಕುಡಿದು, ಇನ್ನೊಂದು ಬದಿ ಕುಡಿದು, ಮತ್ತೆ ಮೊದಲನೇ ಬದಿಗೆ ಬಾಯಿ ಹಾಕುತ್ತಿತ್ತು. ಹೆಂಡತಿಗೆ ಊಟ ಮಾಡಲೂ ಕೈ ಬಿಡುವಿರುತ್ತಿರಲಿಲ್ಲ. ನಾನೇ ಅಂಟಿನುಂಡಿ ಮುರಿದು ಅವಳ ಬಾಯಿಗೆ ಹಾಕುತ್ತಿದ್ದೆ, ಅವಳು ಅಗಿಯುತ್ತಿದ್ದಳು, ಕೆಳಗೆ ಮಗಳು ಚೀಪುತ್ತಿದ್ದಳು. ಒಂದು ಗಿರಣಿಗೆ ಇನ್ನೊಂದು ಗಿರಣಿಯ ಪಟ್ಟೆ ಕಟ್ಟಿದ ಹಾಗೆ. ನನಗೆ ಅದು ಖುಷಿಯ ನೋಟ. ಮನೆಯ ಹೆಂಗಸರಿಗೆ ಅದರಲ್ಲಿ ಬೇರೇನೋ ಕಾಣುತ್ತಿತ್ತು.

ದೊಡ್ಡವ್ವನೇ ಬಾಯಿಬಿಟ್ಟಳು. ಹೊಟ್ಟೆ ತುಂಬಿದ ಕೂಸು ಮಲಗುತ್ತದೆ, ತುಂಬದ ಕೂಸು ಹೀಗೆ ಹುಡುಕುತ್ತದೆ, ಇವಳ ಹಾಲು ತೆಳ್ಳಗಿದೆ, ಸಾಲುತ್ತಿಲ್ಲ, ಡಬ್ಬಿಯ ಹಾಲು ಶುರು ಮಾಡಿರಿ ಎಂದು ಹೇಳಿದಳು. ನೋಡಲು ಬಂದ ಓಣಿಯ ಹೆಂಗಸರೂ ತಲೆಯಾಡಿಸಿದರು. ಬಂದವರೆಲ್ಲ ಕೂಸಿನ ಕಾಲು ಹಿಡಿದು ನೋಡಿ ಸಣ್ಣದಿದೆ ಎಂದೇ ಹೋಗುತ್ತಿದ್ದರು. ಅತ್ತೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದೇ ನನ್ನ ಹೆಂಡತಿಗೆ ಹೆಚ್ಚು ನೋವು ಕೊಡುತ್ತಿತ್ತು. ಯಾಕೆಂದರೆ ಅವಳು ತಾನೇ ತಾಯಿಯ ಹಾಲು ಕುಡಿದು ಬೆಳೆದವಳಲ್ಲ. ಅವಳು ಎಳೆಗೂಸಾಗಿದ್ದಾಗ ಹೀಗೇ ಅತ್ತಿದ್ದಳಂತೆ, ಹೀಗೇ ಹುಡುಕಿದ್ದಳಂತೆ. ಹಾಲು ಸಾಲದು ಎಂದು ದೊಡ್ಡವ್ವ ಎಲ್ಲಿಂದಲೋ ಒಂದು ಆಡು ಹೊಡೆದುಕೊಂಡು ಬಂದಳಂತೆ. ಆಡಿನ ಹಾಲು ಶುರುವಾದ ಮೇಲೆ ಅತ್ತೆಯ ಎದೆ ಬತ್ತಿಹೋಯಿತು. ಓಣಿಯಲ್ಲಿ ಹುಡುಗಿಯನ್ನು ದೊಡ್ಡವಳಾಗುವ ತನಕ ಆಡಿನ ಮರಿ ಎಂದೇ ಚಾಷ್ಟಿ ಮಾಡಿದರು. ತಾಯಿಗೆ ಹಾಲಿಲ್ಲದಿದ್ದರೆ ಮಗಳಿಗೂ ಇರುವುದಿಲ್ಲ ಎಂಬ ಮಾತು ಆ ಮನೆಯ ಗಾಳಿಯಲ್ಲೇ ಇತ್ತು.

ಆ ಸಂಜೆ ದೊಡ್ಡವ್ವ ನನ್ನ ಎದುರೇ ಡಬ್ಬಿಯ ಮಾತು ತೆಗೆದಾಗ ಹೆಂಡತಿ ಕೂಸನ್ನು ಎದೆಯಿಂದ ಬಿಡಿಸದೆ ತಲೆಯೆತ್ತಿದಳು.

“ನನ್ನ ಕೂಸಿಗೆ ನನ್ನ ಹಾಲ ಕುಡಸ್ತೇನಿ. ಸಾಲವಲ್ದು ಅಂತ ಎಲ್ಲಾರೂ ಹೇಳಾಕತ್ತೀರಿ. ಸಾಲವಲ್ದು ಅಂತ ಯಾರರ ನನಗ ತೋರಸ್ರಿ. ತೋರಿಸಿದ ದಿನಾ ನಾನ ಡಬ್ಬಿ ತರಸ್ತೇನಿ.”

ತೋರಿಸಿ ಎಂದರೆ ನನ್ನ ಕಸಬೇ ಅದು! ನಾಳೆ ಕಾಟಾ ತರುತ್ತೇನೆ, ಕೂಸನ್ನು ತೂಗೋಣ ಎಂದೆ. ಹಾವೇರಿಯ ಆಸ್ಪತ್ರೆಯಲ್ಲಿ ಹುಟ್ಟಿದಾಗ ಎಷ್ಟು ತೂಗಿದ್ದಳು ಎನ್ನುವುದು ನನ್ನ ನಾಲಿಗೆಯ ಮೇಲೇ ಇತ್ತು. ಅದಕ್ಕಿಂತ ಏರಿದ್ದರೆ ಹಾಲು ಸಾಲುತ್ತಿದೆ, ಇಳಿದಿದ್ದರೆ ಸಾಲುತ್ತಿಲ್ಲ. ಇದರಲ್ಲಿ ವಾದಕ್ಕೆ ಜಾಗವಿಲ್ಲ.

ದೊಡ್ಡವ್ವ ಒಪ್ಪಲಿಲ್ಲ. ಕೂಸನ್ನು ಮಾಲಿನ ಹಾಗೆ ತೂಗಬಾರದು, ದೃಷ್ಟಿಯಾಗುತ್ತದೆ ಎಂದಳು. ಆಸ್ಪತ್ರೆಯಲ್ಲಿ ತೂಗಿದರಲ್ಲ ಎಂದರೆ, ಅವರು ಹೊರಗಿನವರು, ಅವರಿಗೆ ಆಸೆಗಣ್ಣಿಲ್ಲ, ನಿಮಗಿದೆ ಎಂದಳು. ಕೊನೆಗೆ ಒಂದು ಷರತ್ತಿನ ಮೇಲೆ ಇಳಿದಳು. ತೂಗುವ ಮೊದಲು ದೃಷ್ಟಿ ತೆಗೆಯಬೇಕು. ಅದಕ್ಕೆ ಒಣಮೆಣಸಿನಕಾಯಿ ನಾನೇ ತರಬೇಕು, ಪೇಟೆಯಲ್ಲಿರುವವನು, ಚಲೋ ಕಾಯಿ ನೋಡಿ ತರಬೇಕು.

ಮರುದಿನ ನಾನು ಮಾಲು ತೂಗಿದ್ದಕ್ಕಿಂತ ಗಡಿಯಾರ ನೋಡಿದ್ದೇ ಹೆಚ್ಚು. ಸ್ಯಾಂಪಲ್ ತೂಗಲು ಇಟ್ಟುಕೊಂಡ ತೂಗುಕಾಟಾ ಒಂದು ನಮ್ಮ ಅಂಗಡಿಯಲ್ಲಿತ್ತು, ಕೊಕ್ಕೆಗೆ ನೇತುಹಾಕುವಂಥದ್ದು, ಅಂಕಿ ಕೆಂಪಗೆ ಮೂಡುವಂಥದ್ದು. ಮಾಲೀಕರನ್ನು ಕೇಳಿದೆ. ಏನು ತೂಗುತ್ತೀಯಪ್ಪ ಎಂದರು. ಮಗಳನ್ನು ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಹೊಸ ಸೆಲ್ ಹಾಕಿಕೊಂಡು ಹೋಗು ಎಂದರು. ಕಾಟಾವನ್ನು ಎಣ್ಣೆಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒರೆಸಿ, ಮೂಸಿ ನೋಡಿ, ಮತ್ತೆ ಒರೆಸಿದೆ. ಅದಾದ ಮೇಲೆ ದೊಡ್ಡವ್ವನಿಗೆಂದು ರಾಶಿಯಲ್ಲಿ ಅತಿ ಚಂದದ ಕಾಯಿ ಆರಿಸಿದೆ. ಕಡುಗೆಂಪು, ಮೈತುಂಬ ನಿರಿಗೆ, ಬೆಳಕಿಗೆ ಹಿಡಿದರೆ ಮಾಣಿಕ್ಯದ ಹಾಗೆ. ಬಸ್ಸಿನಲ್ಲಿ ಆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ನನ್ನ ಮಗಳ ತೂಕ ಇವತ್ತು ಗೊತ್ತಾಗುತ್ತದೆ ಎಂದು ಪಕ್ಕದವನಿಗೆ ಹೇಳಲೇ ಬೇಡವೇ ಎನ್ನುತ್ತ ಕೂತೆ. ಮೋಟೆಬೆನ್ನೂರು ದಾಟುವ ಮೊದಲೇ ಹೇಳಿಬಿಟ್ಟೆ.

ದೊಡ್ಡವ್ವ ಕಾಯಿಗಳನ್ನು ಉಪ್ಪಿನ ಜೊತೆ ಮುಷ್ಟಿಯಲ್ಲಿ ಹಿಡಿದು ಕೂಸಿಗೆ ನಿವಾಳಿಸಿ ಅಗ್ಗಿಷ್ಟಿಕೆಯ ಕೆಂಡಕ್ಕೆ ಹಾಕಿದಳು. ಲೆಕ್ಕದ ಪ್ರಕಾರ ಘಾಟೆದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿಯಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ. ನಾವೆಲ್ಲ ಕಾದೆವು. ಕಾಯಿ ಕಪ್ಪಗಾಯಿತು, ಸುರುಟಿತು, ಸುಮ್ಮನೆ ಉರಿದುಹೋಯಿತು. ಅತ್ತೆ ಒಂದು ಸಲ ಗಂಟಲು ಸರಿ ಮಾಡಿಕೊಂಡರು, ಅಷ್ಟೇ.

ದೊಡ್ಡವ್ವ ಗಲ್ಲಕ್ಕೆ ಕೈ ಹಚ್ಚಿ ಕೂತುಬಿಟ್ಟಳು. “ಎಂಥಾ ದೃಷ್ಟಿ ಬಿದ್ದೈತಿ ನೋಡವ್ವಾ ನನ್ನ ಕೂಸಿಗೆ.”

“ದೊಡ್ಡವ್ವ, ಅದು ಬ್ಯಾಡಗಿ ಕಾಯಿ. ಬಣ್ಣಕ್ಕ ಹೆಸರಾಗಿದ್ದು, ಅದರಾಗ ಖಾರನ ಕಡಿಮಿ. ಒಂದ್ ಚೀಲ ಸುಟ್ಟರೂ ಅಷ್ಟ.”

“ಹಂಗಾರ ಖಾರಂದು ಬಿಟ್ಟು ಇದನ್ಯಾಕ ತಂದ್ರಿ?”

“ಚಲೋದು ತರ್ರಿ ಅಂದ್ರಲ್ಲ. ನಮ್ಮ ಪೇಟ್ಯಾಗ ಇದಕ್ಕ ಚಲೋದು ಅಂತಾರ.”

ಹೆಂಡತಿ ನಕ್ಕಳು. ಅವಳು ನಗುವುದನ್ನು ಕೇಳಿ ಬಹಳ ದಿನವಾಗಿತ್ತು. ಹೊಟ್ಟೆ ಕುಲುಕಿ ಕೂಸಿನ ಬಾಯಿ ತಪ್ಪಿ, ಕೂಸು ಸಿಟ್ಟಿನಿಂದ ಚೀರಿತು. ದೊಡ್ಡವ್ವ ಗೊಣಗುತ್ತ ಅಡುಗೆಮನೆಯಿಂದ ಬೇರೆ ಕಾಯಿ ತಂದು ಹಾಕಿದಳು. ಈ ಸಲ ಎಲ್ಲರೂ ಕೆಮ್ಮಿ ಕಣ್ಣೀರು ಒರೆಸಿಕೊಂಡೆವು, ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಓಡಿದೆವು. ದೃಷ್ಟಿ ಇಲ್ಲ ಎಂದು ಖಾತ್ರಿಯಾಯಿತು.

ಗಾಳಿ ತಿಳಿಯಾದ ಮೇಲೆ ತೊಟ್ಟಿಲು ಕಟ್ಟುವ ತೊಲೆಯ ಕೊಂಡಿಗೆ ಕಾಟಾ ನೇತುಹಾಕಿದೆ. ಕೆಳಗೆ ಅತ್ತೆಯ ಹಳೆಯ ನೂಲಿನ ಸೀರೆಯನ್ನು ಜೋಲಿ ಕಟ್ಟಿ, ಒಳಗೆ ಮೆತ್ತಗಿರಲಿ ಎಂದು ಕೂಸಿನ ಕೌದಿಯನ್ನು ಮಡಿಸಿ ಹಾಸಿದೆ. ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತಂದೆ. ಅಂದರೆ ಜೋಲಿ, ಕೌದಿ ಎರಡರ ತೂಕವನ್ನೂ ಕಾಟಾ ತಾನೇ ಕಳೆಯುತ್ತದೆ, ಇನ್ನು ಮೂಡುವುದು ಕೂಸಿನದು ಮಾತ್ರ. ಚೀಲದ ತೂಕ ಕಳೆಯದೆ ಮಾಲು ತೂಗುವವನು ನಾನಲ್ಲ. ಅಷ್ಟರಲ್ಲಿ ಕೂಸು ಮತ್ತೆ ಅತ್ತಿತು. ಒಂದೀಟು ತಡೆಯಿರಿ ಎಂದು ಹೆಂಡತಿ ಎದೆಗೆ ಹಚ್ಚಿಕೊಂಡಳು. ನಾನು ಅಂಗಳಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬರುವಷ್ಟರಲ್ಲಿ ಅತ್ತೆ ಕೂಸನ್ನು ಜೋಲಿಯಲ್ಲಿ ಮಲಗಿಸಿದ್ದರು. ಸೀರೆಯ ಎರಡೂ ಅಂಚು ಕೂಡಿ, ಒಂದು ಪುಟ್ಟ ಪಾದ ಮಾತ್ರ ಹೊರಗೆ ಕಾಣುತ್ತಿತ್ತು. ಅಂಕಿ ಮೇಲೆ ಕೆಳಗೆ ಕುಣಿದು ನಿಂತಿತು.

ಹುಟ್ಟಿದಾಗಿನದಕ್ಕಿಂತ ಕಡಿಮೆ.

ನಾನು ಜೋಲಿಯನ್ನು ಎರಡೂ ಕೈಯಿಂದ ನಿಲ್ಲಿಸಿ ಬಿಟ್ಟು ನೋಡಿದೆ. ಅದೇ ಅಂಕಿ. ಎಂಥೆಂಥ ಜಗಳದ ಎದುರೂ ಎತ್ತಿದ ದನಿಯಲ್ಲಿ ತೂಕ ಕೂಗಿದವನು ನಾನು, ಅಂದು ಮೆಲ್ಲಗೆ ಹೇಳಿದೆ. ದೊಡ್ಡವ್ವ ನಾನು ಹೇಳಿದ್ದೆನಲ್ಲ ಎನ್ನಲಿಲ್ಲ, ಅಂದಿದ್ದರೆ ವಾಸಿಯಿತ್ತು. ಅತ್ತೆ ಗೋಡೆಗೆ ಆತು ಕೂತರು. ಹೆಂಡತಿ ಕೂಸನ್ನು ತೆಗೆದುಕೊಂಡು ಮೊದಲಿನ ಜಾಗಕ್ಕೇ ಹೋಗಿ ಕೂತಳು. ಕೂಸು ಆಗಲೇ ಹುಡುಕುತ್ತಿತ್ತು. ಅವಳು ಹಾಲು ಕೊಟ್ಟಳು, ಆದರೆ ಕೂಸಿನ ಮುಖ ನೋಡಲಿಲ್ಲ.

“ನೀವು ತೂಗಿದ ಮ್ಯಾಲೆ ಆತಲ್ಲ,” ಎಂದಳು. “ಔಷಧಿ ಅಂಗಡಿಗೆ ಹೋಗಿ ಡಬ್ಬಿ ತೊಗೊಂಡು ಬರ್ರಿ.”

ಆ ಮಾತಿಗೆ ನನಗೆ ಆದದ್ದನ್ನು ಹೇಗೆ ಹೇಳಲಿ! ಬೇರೆ ಯಾರು ತೂಗಿದ್ದರೂ ಅವಳು ಜಗಳ ಆಡುತ್ತಿದ್ದಳು. ನಾನು ತೂಗಿದ್ದೆಂದು ಒಪ್ಪಿಕೊಂಡಳು. ಕಾಲಿಗೆ ಚಪ್ಪಲಿ ಸಿಕ್ಕಿಸಿ ಬಾಗಿಲು ದಾಟಿದೆ. ಕಟ್ಟೆ ಇಳಿಯುವಾಗ ಒಳಗಿನಿಂದ ಕೂಗಿದಳು.

“ಒಂದೀಟ ನಿಂದರ್ರಿ. ಜೋಲ್ಯಾಗ ಕೌದಿ ಹಾಸಿದ್ರಲ್ಲ?”

“ಹಾಸೇನಿ.”

“ಹಂಗಾರ ಇಲ್ಲಿ ನನ್ನ ಮೊಣಕೈ ಬುಡಕ ಇರೂದು ಯಾವ ಕೌದಿ?”

ಒಳಗೆ ಹೋಗಿ ನೋಡಿದೆ. ಕೂಸಿಗೆ ಒರಗಲು ಕೊಟ್ಟ ಕೌದಿ ಅವಳ ಮೊಣಕೈ ಕೆಳಗೆ ಇತ್ತು. ನಾನು ಜೋಲಿಯಲ್ಲಿ ಹಾಸಿದ್ದ ಅದೇ ಕೌದಿ. ಅತ್ತೆ ಎದ್ದು ನಿಂತರು.

“ನಾನ ತಗದೇನ್ರಿ ಅಳಿಯಾರ. ಹೊಗಿ ಹಾಕಿದ್ವಿ, ಕೂಸಿಗೆ ಧಗಿ ಆಕ್ಕೈತಂತ ಜೋಲ್ಯಾಗಿಂದು ತಗದು ಆಕಿಗೆ ಕೊಟ್ಟೆ.”

ನನ್ನ ತಲೆಯಲ್ಲಿ ದೀಪ ಹತ್ತಿದ ಹಾಗಾಯಿತು. ಕೌದಿ ಒಳಗಿದ್ದಾಗ ನಾನು ಸೊನ್ನೆ ಮಾಡಿದ್ದೆ. ಕೌದಿ ಹೊರಗೆ ಬಂದರೂ ಕಾಟಾ ಅದರ ತೂಕವನ್ನು ಕಳೆಯುತ್ತಲೇ ಇತ್ತು. ಯಾರಿಂದ? ನನ್ನ ಮಗಳಿಂದ! ಚೀಲವೇ ಇಲ್ಲದ ಕಾಯಿಯಲ್ಲಿ ಚೀಲದ ತೂಕ ಮುರಿದುಕೊಂಡ ಹಾಗೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಕಿ ಹೊಲಿದ ಕೌದಿ ಅದು, ಕೈಯಲ್ಲಿ ಹಿಡಿದರೇ ಭಾರ. ಅದೊಂದನ್ನೇ ಕೊಕ್ಕೆಗೆ ಹಾಕಿ ತೂಗಿದೆ. ಮೂಡಿದ ಅಂಕಿ ನೋಡಿ ನಾನು ಚಪ್ಪಲಿಯನ್ನು ಅಂಗಳಕ್ಕೆ ಎಸೆದುಬಿಟ್ಟೆ.

“ತಾ, ಕೂಸಿನ ಇಲ್ಲಿ ತಾ,” ಎಂದೆ. ಜೋಲಿಯನ್ನು ಬರಿದು ಮಾಡಿ ಸೊನ್ನೆಗೆ ತಂದು, ಈ ಸಲ ನಾನೇ ಮಗಳನ್ನು ಮಲಗಿಸಿದೆ. ಅಂಕಿ ಕುಣಿಯಿತು. ನನ್ನ ಎದೆಯೂ ಕುಣಿಯಿತು. ನಿಂತಾಗ ಅದು ಹುಟ್ಟಿದಾಗಿನ ಅಂಕಿಯನ್ನು ದಾಟಿ ಮೇಲೆ, ಬಹಳ ಮೇಲೆ ಇತ್ತು. ಪೇಟೆಯಲ್ಲಿ ಕೂಗುವ ದನಿಯಲ್ಲಿ ಕೂಗಿದೆ. ತೂಕದವನು ಎರಡು ಸಲ ಕೂಗಬೇಕು, ಪದ್ಧತಿ. ನಾನು ಅವತ್ತು ಎಷ್ಟು ಸಲ ಕೂಗಿದೆನೋ. ದೊಡ್ಡವ್ವ ನನ್ನ ತೋಳು ಹಿಡಿದು ಜಗ್ಗಿದಳು. “ಸಾವಕಾಶ್ರಿ. ಓಣಿಗೆಲ್ಲಾ ಕೇಳಿದ್ರ ಮತ್ತ ಮೆಣಸಿನಕಾಯಿ ಸುಡಬೇಕಾಕ್ಕೈತಿ.”

ಹೆಂಡತಿ ಮಾತ್ರ ಕುಣಿಯಲಿಲ್ಲ. ಅವಳು ಅಂಕಿಯನ್ನೇ ನೋಡುತ್ತಿದ್ದಳು.

“ಈಗ ಎಷ್ಟ ಐತಿ ನೆನಪಿಟ್ಕೊಳ್ರಿ. ನಾ ಕುಡಸ್ತೇನಿ. ಕುಡದ ಮ್ಯಾಲೆ ಮತ್ತ ತೂಗ್ರಿ.”

ಇದು ನನಗೆ ಹೊಳೆದಿರಲಿಲ್ಲ. ಖಾಲಿ ಗಾಡಿ ತೂಗಿ, ಮಾಲು ತುಂಬಿ ತೂಗಿ, ನಡುವಿನದು ಮಾಲು ಎನ್ನುವುದು ನಾವು ದಿನಾ ಮಾಡುವ ಕೆಲಸ. ಅದನ್ನು ನನಗೆ ಹೇಳಿಕೊಟ್ಟವಳು ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ಬಾಣಂತಿ. ಬಟ್ಟೆ ಬದಲಿಸಬೇಡಿ, ಉಚ್ಚೆ ಹೊಯ್ದರೂ ಹಾಗೇ ಇರಲಿ ಎಂದೆ. ದೊಡ್ಡವ್ವ ಹತ್ತಿರ ಬಂದು ಕೂತಳು. ಅತ್ತೆ ಬಾಗಿಲ ಬಳಿ ನಿಂತರು. ಆ ಕೋಣೆಯಲ್ಲಿ ಕೂಸು ನುಂಗುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ನಾನು ಅಷ್ಟು ದಿನ ಪಕ್ಕದಲ್ಲೇ ಕೂತರೂ ಆ ಸದ್ದನ್ನು ಕೇಳಿರಲಿಲ್ಲ. ಚೀಪು, ಚೀಪು, ಆಮೇಲೆ ಗುಳುಕ್. ಮತ್ತೆ ಚೀಪು, ಗುಳುಕ್. ದೊಡ್ಡವ್ವನ ತುಟಿಯೂ ಜೊತೆಗೆ ಅಲುಗುತ್ತಿತ್ತು.

ಎರಡೂ ಬದಿ ಮುಗಿಸಿ ಕೂಸು ಕೈ ಸಡಿಲ ಬಿಟ್ಟಾಗ ಜೋಲಿಯಲ್ಲಿ ಹಾಕಿದೆ. ಮೊದಲಿಗಿಂತ ಒಂದು ಬೊಗಸೆ ಒಣಮೆಣಸಿನಕಾಯಿಯಷ್ಟು ಹೆಚ್ಚು. ಒಂದು ಬೊಗಸೆ! ಯಾರ ಕಣ್ಣಿಗೂ ಬೀಳದೆ ಒಂದು ಮೈಯಿಂದ ಇನ್ನೊಂದು ಮೈಗೆ ಇಳಿದದ್ದು ಅಲ್ಲಿ ಕೆಂಪು ಅಂಕಿಯಾಗಿ ನಿಂತಿತ್ತು. ಲೋಡುಗಟ್ಟಲೆ ಮಾಲು ತೂಗಿದ್ದೇನೆ, ಮೈಮೇಲೆ ಮುಳ್ಳೆದ್ದದ್ದು ಅದೊಂದೇ ಸಲ. ಹೆಂಡತಿ ಈಗ ನಕ್ಕಳು, ನಗುತ್ತ ಅತ್ತಳು, ಎದೆಯ ಬಟ್ಟೆ ಒದ್ದೆಯಾಯಿತು ಎಂದು ಬೈದುಕೊಂಡಳು. ಕೂಸಿನ ಅಳು ಕೇಳದಿದ್ದರೂ ಹಾಲು ತಾನಾಗೇ ಸುರಿಯುತ್ತಿತ್ತು.

ಅತ್ತೆ ಬಾಗಿಲ ಬಳಿಯಿಂದ ಬಂದು ಕಾಟಾವನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಆವಾಗ ನಂದು ಯಾರೂ ತೂಗಿ ನೋಡಲಿಲ್ಲ,” ಎಂದರು.

ಯಾರಿಗೆ ಹೇಳಿದರು ಎಂದು ಹೆಸರು ಹಿಡಿದು ಹೇಳಬೇಕಾಗಿರಲಿಲ್ಲ. ದೊಡ್ಡವ್ವ ಎದ್ದು ಒಳಗೆ ಹೋಗಿ ಬರುವಾಗ ಒಂದು ದೊಡ್ಡ ತಂಬಿಗೆಯ ತುಂಬ ಬೆಚ್ಚನೆಯ ನೀರು ತಂದಳು. ಗುಟುಕು ಲೆಕ್ಕ ಹಾಕದೆ ತಂಬಿಗೆಯನ್ನೇ ನನ್ನ ಹೆಂಡತಿಯ ಕೈಗೆ ಕೊಟ್ಟಳು. ಅವಳು ಎತ್ತಿ ಕುಡಿದಳು, ಗದ್ದದ ಮೇಲೆ ಹರಿಯುವ ಹಾಗೆ.

ಇಷ್ಟಾದರೂ ನನ್ನ ಹೆಂಡತಿಗೆ ಸಮಾಧಾನವಿಲ್ಲ. ಆಸ್ಪತ್ರೆಯ ಕಾಟಾದಲ್ಲೂ ನೋಡಬೇಕು ಎಂದು ಹಟ ಹಿಡಿದಳು. ನನ್ನ ಕಾಟಾ ನನ್ನ ಮಾತು ಕೇಳುತ್ತದೆಯಂತೆ. ನ್ಯಾಯವೇ. ಹುಟ್ಟಿದಾಗ ಯಾವ ಕಾಟಾದ ಮೇಲೆ ತೂಗಿದರೋ ಅದೇ ಕಾಟಾದ ಮೇಲೆ ತೂಗಿದರೆ ಯಾರೂ ತಕರಾರು ತೆಗೆಯುವ ಹಾಗಿಲ್ಲ. ಬಾಣಂತಿ ಇಷ್ಟು ಬೇಗ ಹೊರಗೆ ಹೋಗುವುದೇ ಎಂದು ದೊಡ್ಡವ್ವ ಒಂದು ಮಾತು ಎತ್ತಿದಳು, ಆದರೆ ಅದರಲ್ಲಿ ಮೊದಲಿನ ಹುಕುಂ ಇರಲಿಲ್ಲ. ಹೋದವರು ಬರುವಾಗ ಕದರಮಂಡಲಗಿ ಹಣಮಪ್ಪನಿಗೆ ಒಂದು ತೆಂಗಿನಕಾಯಿ ಒಡೆಸಿಕೊಂಡು ಬನ್ನಿ ಎಂದಳು. ಕೂಸು ದೊಡ್ಡದಾಗಲಿ, ಎಲ್ಲರೂ ಕೂಡಿ ಹೋಗೋಣ ಎಂದೆವು.

ಪೇಟೆಯಿಲ್ಲದ ದಿನ ನೋಡಿ ಹೆಂಡತಿ, ಅತ್ತೆ, ನಾನು ಹಾವೇರಿಗೆ ಹೋದೆವು. ನರ್ಸಮ್ಮ ಕೂಸಿನ ಮೈಮೇಲಿನ ಎಲ್ಲ ಬಟ್ಟೆ ತೆಗೆಸಿ ಬರಿಮೈಯಲ್ಲೇ ತೂಗಿದರು. ನಮ್ಮ ಮನೆಯ ಅಂಕಿಗೂ ಅವರ ಅಂಕಿಗೂ ಹೆಚ್ಚು ಅಂತರವಿರಲಿಲ್ಲ. ಚಲೋ ಏರಿದೆ ಎಂದರು. ನಾನು ಅತ್ತೆಯ ಕಡೆ ನೋಡಿದೆ, ಅವರು ಕೂಸಿನ ಕಡೆ ನೋಡುತ್ತಿದ್ದರು. ಹೆಂಡತಿ ಇದು ಬಿಡದೆ ಕುಡಿಯುತ್ತದೆ, ಮಲಗುವುದೇ ಇಲ್ಲ ಎಂದಳು. ಈ ವಾರಗಳಲ್ಲಿ ಬಹಳ ಕೂಸುಗಳು ಹೀಗೇ ಮಾಡುತ್ತವೆ, ಬೆಳೆಯುವ ಹೊತ್ತಿಗೆ ಹಸಿವು ಹೆಚ್ಚು, ಕುಡಿದಷ್ಟೂ ಹಾಲು ಹೆಚ್ಚುತ್ತದೆ, ಬೇರೇನೂ ಹಾಕಬೇಡಿ, ಬಾಯಾರಿದಾಗೆಲ್ಲ ನೀರು ಕುಡಿಯಿರಿ, ಹೊಟ್ಟೆ ತುಂಬ ಉಣ್ಣಿರಿ ಎಂದರು. ಒದ್ದೆ ಬಟ್ಟೆ ಸಾಕಷ್ಟು ಬೀಳುತ್ತವೆಯೇ ಎಂದು ಕೇಳಿದರು. ಅತ್ತೆ ಅಲ್ಲಿ ಮೊದಲ ಸಲ ಬಾಯಿ ತೆರೆದು, ನಮ್ಮ ಅಂಗಳದ ಹಗ್ಗ ಹರಿಯುವಷ್ಟು ಎಂದರು. ನರ್ಸಮ್ಮ ನಕ್ಕು, ಹಾಗಾದರೆ ನಿಮ್ಮ ಮಗಳ ಹಾಲಿಗೆ ಏನೂ ಕೊರತೆಯಿಲ್ಲ ಬಿಡಿ ಎಂದರು. ನಿಮ್ಮ ಮಗಳ ಹಾಲು ಎಂಬ ಆ ಮಾತನ್ನು ಅತ್ತೆ ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡ ಹಾಗೆ ನಡೆದರು. ಅವರ ಸೆರಗು ಹೆಗಲಿನಿಂದ ಜಾರಿದ್ದೂ ಅವರಿಗೆ ಗೊತ್ತಾಗಲಿಲ್ಲ.

ವಾಪಸಾಗಲು ಹಾವೇರಿ ಸ್ಟೇಷನ್ನಿಗೆ ಬಂದೆವು. ರೈಲಿನಲ್ಲಿ ಕುಲುಕು ಕಡಿಮೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ ಕೂಡಲೇ ಮಗಳು ಎದ್ದಳು, ಬಾಯಿ ತೆರೆದಳು. ಅಷ್ಟು ಜನರ ನಡುವೆ ಹೇಗೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಹೆಂಡತಿ ಶಾಲು ಹೊದ್ದು ಎದೆಗೆ ಹಚ್ಚಿಕೊಂಡಿದ್ದಳು. ಗಾಳಿಗೆ ಶಾಲು ಹಾರದ ಹಾಗೆ ನಾನು ಅಂಚು ಹಿಡಿದು ನಿಂತೆ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಸ್ವಲ್ಪ ಹೊತ್ತು ನೋಡಿ, ಆಗಿನಿಂದ ಕುಡಿಯುತ್ತಲೇ ಇದೆಯಲ್ಲ, ಹಾಲು ಸಾಲುವುದಿಲ್ಲವೇನೋ ಎಂದಳು. ಒಂದು ವಾರದ ಹಿಂದೆ ಈ ಮಾತು ಕೇಳಿದ್ದರೆ ನನ್ನ ಹೆಂಡತಿಯ ಮುಖ ಕಪ್ಪಿಡುತ್ತಿತ್ತು. ಈಗ ಅವಳು ಉತ್ತರ ಕೊಡುವ ಮೊದಲೇ ಅತ್ತೆ ತಿರುಗಿ ಕೂತರು.

“ಸಾಲತೈತವಾ. ತೂಗಿ ನೋಡೇವಿ.”

ದೂರದಲ್ಲಿ ರೈಲಿನ ಕೂಗು ಕೇಳಿತು. ಅತ್ತೆ ಚೀಲ ಎತ್ತಿಕೊಂಡರು. ನಾನು ಹೆಂಡತಿಯ ಕಡೆ ಬಗ್ಗಿ, ಬಿಡಿಸು, ಗಾಡಿ ಬಂತು ಎಂದೆ. ಅವಳು ಶಾಲಿನೊಳಗೆ ಇಣುಕಿ ನೋಡಿ ತಲೆಯಾಡಿಸಿದಳು.

“ಇನ್ನೂ ಕುಡ್ಯಾಕತ್ತಾಳ. ಹೋಗಲಿ ಬಿಡ್ರಿ, ಹಿಂದ ಇನ್ನೊಂದು ಬರತೈತಿ.”

ಹುಟ್ಟಿದಾಗಿನಿಂದ ಓಡುವ ಗಾಡಿಯನ್ನು ಬೆನ್ನಟ್ಟಿ ಹತ್ತಿದವನು ನಾನು, ಒಂದು ಬಸ್ಸನ್ನೂ ತಪ್ಪಿಸಿಕೊಂಡವನಲ್ಲ. ರೈಲು ಬಂದು ನಿಂತಿತು, ಜನ ಇಳಿದರು, ಜನ ಹತ್ತಿದರು. ಕಿಟಕಿಯವರು ನಮ್ಮನ್ನು ನೋಡಿದರು. ನಾವು ಮೂವರೂ ಇದ್ದಲ್ಲಿಂದ ಕದಲಲಿಲ್ಲ. ಅತ್ತೆ ಚೀಲವನ್ನು ಮತ್ತೆ ಕೆಳಗೆ ಇಟ್ಟರು. ರೈಲಿನ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟುವಾಗ ಹೆಂಡತಿ, ಅದರ ಕಡೆ ನೋಡದೆ, ಮಗಳನ್ನು ಎತ್ತಿ ಇನ್ನೊಂದು ಬದಿಗೆ ಹಚ್ಚಿಕೊಂಡಳು.